ಮೂರನೆಯ ಸಿಲಿಂಡರಿನ ಅಳತೆ

ನಮ್ಮ ಮನೆಯ ಗರಾಜಿನಲ್ಲಿ ಎರಡು ಕಾರು ನಿಲ್ಲುವಷ್ಟು ಜಾಗವಿದೆ. ಕೊರೊನಾ ಶುರುವಾದ ವರ್ಷದ ಬೇಸಿಗೆಯಲ್ಲಿ ನನ್ನ ಕಾರು ಹೊರಗೆ ಬಿಸಿಲಿಗೆ ಬಂತು. ಅದರ ಜಾಗಕ್ಕೆ ನನ್ನ ಗಂಡ ಎಲ್ಲಿಂದಲೋ ಟ್ರೇಲರಿನ ಮೇಲೆ ಹೇರಿಕೊಂಡು ತಂದ ಹಳೆಯ ಪಿಕಪ್ ಟ್ರಕ್ಕು ಹೋಯಿತು. ಷಾರ್ಲೆಟ್ ಊರಿನ ದಕ್ಷಿಣದ ಬಡಾವಣೆ ಬ್ಯಾಲಂಟೈನ್‌ನ ನಮ್ಮ ಬೀದಿಯಲ್ಲಿ ಹುಲ್ಲು ಒಂದು ಬೆರಳು ಹೆಚ್ಚು ಬೆಳೆದರೂ ಮನೆಮಾಲೀಕರ ಸಂಘದಿಂದ ಕಾಗದ ಬರುತ್ತದೆ. ಹಾಗಾಗಿ ಟ್ರಕ್ಕು ಒಳಗೆ ಹೋದ ಮೇಲೆ ಗರಾಜಿನ ಬಾಗಿಲು ಹೆಚ್ಚಾಗಿ ಮುಚ್ಚಿಯೇ ಇರುತ್ತಿತ್ತು. ಅಡುಗೆಮನೆಯಿಂದ ಅಲ್ಲಿಗೆ ಒಂದು ಒಳಬಾಗಿಲಿದೆ. ಕುಕ್ಕರಿನ ಸೀಟಿ ಅವರಿಗೆ ಕೇಳಿಸುತ್ತಿತ್ತು, ಅವರ ಸ್ಪ್ಯಾನರು ಕೆಳಗೆ ಬಿದ್ದರೆ ನನಗೆ ಕೇಳಿಸುತ್ತಿತ್ತು.

ಷಾರ್ಲೆಟ್‌ನ ಉತ್ತರಕ್ಕೆ ಓಟದ ಕಾರುಗಳ ಎಂಜಿನ್ ಕಟ್ಟುವ ಶೆಡ್ಡುಗಳು ಬಹಳ ಇವೆ. ನನ್ನವರು ಅಂಥದೊಂದು ಶೆಡ್ಡಿನಲ್ಲಿ ಕೆಲಸ ಮಾಡುತ್ತಿದ್ದರು. ನಮ್ಮ ಪರಿಚಯದವರೆಲ್ಲ ಬ್ಯಾಂಕುಗಳ ಕಂಪ್ಯೂಟರು ನೋಡಿಕೊಳ್ಳುವವರು. ನಾನೂ ಅದೇ ಪೈಕಿ. ಇವರೊಬ್ಬರು ಮಾತ್ರ ಹುಬ್ಬಳ್ಳಿಯಲ್ಲಿ ಮೆಕ್ಯಾನಿಕಲ್ ಓದಿ ಕೊನೆಯವರೆಗೂ ಕಬ್ಬಿಣವನ್ನೇ ಹಿಡಿದುಕೊಂಡು ಉಳಿದವರು. ಅಲ್ಲಿ ಅವರ ಕೆಲಸ ಅಳೆಯುವುದು. ಪಂದ್ಯದ ಕಾರಿನ ಎಂಜಿನ್ನು ಇಷ್ಟೇ ದೊಡ್ಡದಿರಬೇಕೆಂದು ನಿಯಮವಿರುತ್ತದಂತೆ. ಅದಕ್ಕಿಂತ ಒಂದು ಎಳೆ ಮಿಕ್ಕಿದರೂ ಗೆದ್ದ ಕಾರನ್ನು ಸೋತಿತು ಎನ್ನುತ್ತಾರೆ. ಹಾಗಾಗಿ ಅವರ ಶೆಡ್ಡಿನಲ್ಲಿ ಯಾವುದನ್ನೂ ಒಬ್ಬರೇ ಅಳೆದು ಮುಗಿಸುವಂತಿರಲಿಲ್ಲ. ಒಬ್ಬರು ಅಳೆದು ಒಂದು ಚೂರು ಟೇಪಿನ ಮೇಲೆ ಬರೆದು ಮುಚ್ಚಿಡಬೇಕು. ಇನ್ನೊಬ್ಬರು ಅದನ್ನು ನೋಡದೆ ತಾವೇ ಅಳೆದು ಬರೆಯಬೇಕು. ಆಮೇಲೆ ಎರಡನ್ನೂ ಒಟ್ಟಿಗೆ ತೆರೆಯುವುದು.

ಮನೆಯ ಟ್ರಕ್ಕಿಗೆ ಯಾವ ಪಂದ್ಯವೂ ಇರಲಿಲ್ಲ. ಆದರೂ ಎಂಜಿನ್ನನ್ನು ಬಿಚ್ಚಿ, ತೊಳೆದು, ಕಬ್ಬಿಣದ ಸ್ಟ್ಯಾಂಡಿಗೆ ಏರಿಸಿದ ದಿನ ಅವರು ಒಳಬಾಗಿಲಲ್ಲಿ ನಿಂತು ನನ್ನನ್ನು ಕರೆದರು.

"ಏ ಮೈಸೂರಮ್ಮ, ಬಾ ಇಲ್ಲೆ. ನನಗ ಇನ್ನೊಂದು ಜೊತಿ ಕೈ ಬೇಕು."

"ನಂಗೇನ್ರೀ ಗೊತ್ತು ಎಂಜಿನ್ ವಿಷ್ಯ? ಕುಕ್ಕರಿಗೆ ಗ್ಯಾಸ್ಕೆಟ್ ಹಾಕೋದು ಗೊತ್ತು, ಅಷ್ಟೆ."

"ಅಷ್ಟು ಸಾಕು. ಬಾಳ ಗೊತ್ತಿದ್ದಾವ್ರು ಕೈ ಏನು ಹೇಳ್ತದ ಅಂತ ಕೇಳೂದಿಲ್ಲ."

ಎಂಜಿನ್ನಿನ ಒಡಲಾದ ಕಬ್ಬಿಣದ ಬ್ಲಾಕು ನನ್ನ ಕಣ್ಣಿಗೆ ಪಡ್ಡಿನ ಹಂಚಿನಂತೆ ಕಂಡಿತು. ಸಿಲಿಂಡರು ಎನ್ನುವ ನಾಲ್ಕೇ ಗುಳಿ, ಆದರೆ ಒಂದೊಂದರಲ್ಲೂ ಒಂದೊಂದು ತಂಬಿಗೆ ಇಳಿಯುವಂತಿತ್ತು. ಅದನ್ನು ಅಳೆಯಲು ಇಂಗ್ಲಿಷಿನ ಟಿ ಅಕ್ಷರದ ಆಕಾರದ ಒಂದು ಕಡ್ಡಿ ಇತ್ತು, ಗೇಜು ಎನ್ನುತ್ತಾರೆ. ಅದರ ಎರಡು ತೋಳುಗಳೊಳಗೆ ಸ್ಪ್ರಿಂಗು. ಸಿಲಿಂಡರಿನೊಳಗೆ ಇಳಿಸಿ ಬಿಟ್ಟರೆ ತೋಳುಗಳು ಚಾಚಿ ಗೋಡೆಗೆ ತಾಗುತ್ತವೆ. ಆಗ ಹಿಡಿಯ ತಿರುಪನ್ನು ತುಸುವೇ ಬಿಗಿ ಮಾಡಿ, ಮಗುವನ್ನು ತೂಗಿದಂತೆ ಆಚೀಚೆ ಒಂದು ಸಲ ವಾಲಿಸಿ, ಹೊರಗೆ ತೆಗೆದು ಕೂದಲೆಳೆಯಷ್ಟನ್ನೂ ಅಳೆಯುವ ಮೈಕ್ರೋಮೀಟರಿನ ಬಾಯಿಗಿಟ್ಟು ಎಷ್ಟೆಂದು ಓದಬೇಕು. ಎಲ್ಲವೂ ನಿಂತಿರುವುದು ಬೆರಳ ತುದಿಯ ಮೇಲೆ. ತಾಗಿದ್ದು ಗೊತ್ತಾಗಬೇಕು, ಒತ್ತಿದ್ದು ಆಗಬಾರದು. ಚಪಾತಿ ಹಿಟ್ಟು ಹದಕ್ಕೆ ಬಂತೋ ಇಲ್ಲವೋ ಎಂದು ನೋಡುವಾಗ ನಾವು ಬೆರಳನ್ನು ಹೇಗಿಡುತ್ತೇವೋ ಹಾಗೆ. ಅವರು ಹತ್ತು ಸಲ ಹೇಳಿದ್ದು ನನಗೆ ತಿಳಿಯಲಿಲ್ಲ. ಹಿಟ್ಟಿನ ಮಾತು ನಾನೇ ತೆಗೆದ ಮೇಲೆ ಇಬ್ಬರಿಗೂ ಸುಲಭವಾಯಿತು.

ಮೊದಲ ದಿನ ನನ್ನ ಟೇಪಿನಲ್ಲಿ ತೊಂಬತ್ತೆರಡು ಪಾಯಿಂಟ್ ಒಂದು ಐದು ಎಂದಿತ್ತು, ಅವರದರಲ್ಲಿ ಒಂದು ಮೂರು. ನಾನು ಸಣ್ಣ ಮುಖ ಮಾಡಿದೆ.

"ಯಾಕ ಮಾರಿ ಹಂಗ ಮಾಡ್ತಿ? ಚಲೋ ಬಂದದ."

"ನಿಮ್ದಕ್ಕೆ ಸರಿ ಹೋಗ್ಲಿಲ್ವಲ್ಲ."

"ಹೋಗಬಾರದು. ಕೈ ಎರಡು, ಅಳತಿ ಎರಡು. ಪ್ರತಿ ಸಲ ಕಡೀ ಅಂಕಿತನಕ ಕೂಡಿ ಬಂತು ಅಂದ್ರ ಇಬ್ಬರೊಳಗ ಒಬ್ರು ಅಳದಿಲ್ಲ ಅಂತ ತಿಳಿ."

ಲೆಕ್ಕವನ್ನೂ ಅವರೇ ಕಲಿಸಿದರು. ಸಿಲಿಂಡರಿನ ಬಾಯಿಯ ಅಗಲಕ್ಕೆ ಬೋರ್ ಎನ್ನುತ್ತಾರೆ. ಪಿಸ್ಟನ್ ಕೆಳಗಿನಿಂದ ಮೇಲಕ್ಕೆ ಓಡಾಡುವ ದೂರ ಸ್ಟ್ರೋಕ್. ಅಗಲವನ್ನು ಅದರಿಂದಲೇ ಗುಣಿಸಬೇಕು, ಬಂದದ್ದನ್ನು ಪೈ ಬೆಲೆಯ ಕಾಲುಭಾಗದಿಂದ, ಆಮೇಲೆ ಸ್ಟ್ರೋಕಿನಿಂದ, ಆಮೇಲೆ ಸಿಲಿಂಡರು ಎಷ್ಟಿವೆಯೋ ಅಷ್ಟರಿಂದ. ಅದೇ ಎಂಜಿನ್ನಿನ ಹೊಟ್ಟೆಯ ಅಳತೆ. ಹೊಸದಿದ್ದಾಗ ಆ ಟ್ರಕ್ಕಿನ ಬೋರು ತೊಂಬತ್ತೆರಡು ಮಿಲಿಮೀಟರು, ಸ್ಟ್ರೋಕು ಎಂಬತ್ತೊಂಬತ್ತು. ನಾನು ಮಿಲಿಮೀಟರಿನಲ್ಲೇ ಗುಣಿಸುತ್ತಾ ಹೋಗಿ ಒಂದು ಸಿಲಿಂಡರಿಗೆ ಐದು ಲಕ್ಷ ತೊಂಬತ್ತೊಂದು ಸಾವಿರ ಚಿಲ್ಲರೆ ಎಂದೆ.

"ಇದು ಟ್ರಕ್ಕೋ, ಹಡಗೋ?" ಎಂದರು. "ಸೆಂಟಿಮೀಟರಿಗೆ ತಾ."

ಸೆಂಟಿಮೀಟರಿಗೆ ತಂದು ಮತ್ತೆ ಗುಣಿಸಿದೆ. ಆಗಲೂ ನಾಲ್ಕೂ ಸಿಲಿಂಡರಿನ ಉತ್ತರ ಅವರದಕ್ಕಿಂತ ಒಂದು ಸಿಸಿ, ಅಂದರೆ ಒಂದು ಘನ ಸೆಂಟಿಮೀಟರು, ಹೆಚ್ಚು. ಎಲ್ಲಿ ತಪ್ಪಿದೆ ಎಂದು ಮೂರು ಸಲ ನೋಡಿದ ಮೇಲೆ ಗೊತ್ತಾಯಿತು, ನಾನು ಶಾಲೆಯಲ್ಲಿ ಕಲಿತಂತೆ ಪೈ ಎಂದರೆ ಇಪ್ಪತ್ತೆರಡು ಬೈ ಏಳು ಎಂದು ಹಿಡಿದಿದ್ದೆ.

"ಮೈಸೂರಿನವರು ಉದಾರಿಗಳು," ಎಂದು ಅವರು ನಕ್ಕರು. "ಕೇಳದ ಒಂದು ಸಿಸಿ ಜಾಸ್ತಿ ಕೊಡ್ತಾರ."

ಆ ವರ್ಷ ಅಷ್ಟಕ್ಕೇ ನಿಂತಿತು. ಶೆಡ್ಡು ಮತ್ತೆ ತೆರೆದು ಅವರು ಕೆಲಸಕ್ಕೆ ಹೋಗತೊಡಗಿದರು, ಬ್ಲಾಕಿಗೆ ಎಣ್ಣೆ ಸವರಿ ಹಳೆಯ ಬೆಡ್‌ಶೀಟು ಹೊದಿಸಿಟ್ಟೆವು. ಮರುವರ್ಷ ಬೇಸಿಗೆ ಮುಗಿಯುವ ಹೊತ್ತಿಗೆ ಅವರ ದೊಡ್ಡ ಕರುಳಿನಲ್ಲಿ ಗಡ್ಡೆ ಇದೆಯೆಂದು ತಿಳಿಯಿತು. ಆಪರೇಷನ್ ಆಯಿತು. ಗಡ್ಡೆ ತೆಗೆದರು, ಆದರೆ ಅಕ್ಕಪಕ್ಕದ ಗ್ರಂಥಿಗಳಿಗೂ ತಾಗಿತ್ತು. ಆದ್ದರಿಂದ ಕೀಮೊ ಎಂದರು.

ಈ ಊರಿನಲ್ಲಿ ನಮ್ಮವರ ನಡುವೆ ಮಗು ಹುಟ್ಟಿದ್ದು, ಮನೆ ಕೊಂಡದ್ದು ಅರ್ಧ ಗಂಟೆಯಲ್ಲಿ ಎಲ್ಲರ ಫೋನಿಗೂ ಮುಟ್ಟುತ್ತದೆ. ಇಂಥದನ್ನು ಮಾತ್ರ ಯಾರೂ ಯಾರಿಗೂ ಹೇಳುವುದಿಲ್ಲ. ನಾವೂ ಹೇಳಲಿಲ್ಲ. ಬೇರೆ ಊರಿನ ಕಾಲೇಜಿನಲ್ಲಿದ್ದ ಮಗಳಿಗೆ ಮಾತ್ರ ಗೊತ್ತಿತ್ತು. ಎಲ್ಲರೂ ಅಡುಗೆ ತಂದು ಹಂಚಿಕೊಂಡು ಉಣ್ಣುವ ಕನ್ನಡ ಸಂಘದ ಪಾಟ್‌ಲಕ್ಕಿನಲ್ಲಿ ಹುಡುಗನೊಬ್ಬ, "ಅಂಕಲ್, ಸಖತ್ ವೆಯ್ಟ್ ಇಳ್ಸಿದ್ದೀರ, ಯಾವ್ ಡಯಟ್ಟು?" ಎಂದು ಕೇಳಿದ. ಇವರು, "ಹೆಂಡ್ತಿ ಕೈ ಅಡಗಿ ಬಿಟ್ಟೇನಿ, ಅಷ್ಟ," ಎಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಮುಚ್ಚಿಡುವುದರಲ್ಲಿ ಅವರು ಎಷ್ಟು ಗಟ್ಟಿಗರು ಎನ್ನುವುದು ಆಗ ನನಗೆ ಹೊಳೆಯಬೇಕಿತ್ತು.

ಅವರಿಗೆ ಕೊಡುತ್ತಿದ್ದ ಔಷಧಿಗಳಲ್ಲಿ ಒಂದು ನರಗಳನ್ನು ಹಿಡಿಯುವಂಥದು. ಅದನ್ನು ಹಾಕಿದ ಮೇಲೆ ಕೆಲವು ದಿನ ತಣ್ಣಗಿರುವುದನ್ನು ಏನು ಮುಟ್ಟಿದರೂ ಕರೆಂಟು ಹೊಡೆದಂತಾಗುತ್ತದೆ. ಫ್ರಿಜ್ಜಿನ ಹಿಡಿಗೆ ಒಂದು ಜೊತೆ ಉಣ್ಣೆಯ ಗ್ಲೌಸು ನೇತುಹಾಕಿದ್ದೆ. ಕುಡಿಯುವ ನೀರು, ಮೊಸರು, ಹಣ್ಣು ಎಲ್ಲವನ್ನೂ ಹೊರಗಿಟ್ಟು ತಂಪು ಬಿಡಿಸಿ ಕೊಡುತ್ತಿದ್ದೆ. ಅದು ಬಂದು ಹೋಗುವ ತೊಂದರೆ. ಡಾಕ್ಟರು ಎಚ್ಚರಿಸಿದ್ದು ಬೇರೆಯದಕ್ಕೆ. ಬೆರಳ ತುದಿ ಜೋಮು ಹಿಡಿದು, ಮುಂದಿನ ಸರದಿ ಬರುವ ತನಕವೂ ಅದು ಬಿಡದೆ ಉಳಿದರೆ ಕೂಡಲೇ ಹೇಳಬೇಕು. ಆ ಒಂದು ಔಷಧಿಯನ್ನು ತಗ್ಗಿಸುತ್ತೇವೆ ಇಲ್ಲವೆ ನಿಲ್ಲಿಸುತ್ತೇವೆ, ಇಲ್ಲದಿದ್ದರೆ ಕೈಯಲ್ಲಿನ ಸ್ಪರ್ಶ ಹೋದದ್ದು ವಾಪಸು ಬಾರದೆಯೂ ಇರಬಹುದು ಎಂದಿದ್ದರು.

"ನಿಲ್ಲಿಸಿದರೆ ಗುಣವಾಗುವುದು ಎಷ್ಟು ಕಡಿಮೆಯಾಗುತ್ತದೆ?" ಎಂದು ಇವರು ಇಂಗ್ಲಿಷಿನಲ್ಲಿ ಕೇಳಿದರು. ಡಾಕ್ಟರು ಬಹಳ ಒಳ್ಳೆಯ ಮಾತು ಆಡಿದರು, ಅಂಕಿ ಮಾತ್ರ ಹೇಳಲಿಲ್ಲ. ಇವರಿಗೆ ಬೇಕಿದ್ದದ್ದು ಅಂಕಿ.

ಆ ಚಳಿಗಾಲದಲ್ಲಿ, ಸರದಿಗಳು ಅರ್ಧಕ್ಕಿಂತ ಹೆಚ್ಚು ಮುಗಿದಿದ್ದಾಗ, ಅವರು ಬ್ಲಾಕಿನ ಮೇಲಿನ ಬೆಡ್‌ಶೀಟು ತೆಗೆದರು. ಕೆಲಸಕ್ಕೆ ರಜೆ ಹಾಕಿ ಮನೆಯಲ್ಲಿದ್ದರು. ಸಿಲಿಂಡರುಗಳ ಗೋಡೆ ಸವೆದಿತ್ತು, ಅಲ್ಲಲ್ಲಿ ತೆಳುವಾಗಿ ತುಕ್ಕೂ ಬಂದಿತ್ತು. ಅವನ್ನು ಕೊರೆದು ತುಸು ಅಗಲ ಮಾಡಿ, ಅದಕ್ಕೆ ತಕ್ಕ ದೊಡ್ಡ ಪಿಸ್ಟನ್ ಹಾಕಬೇಕು. ಅರ್ಧ ಮಿಲಿಮೀಟರು ಕೊರೆದರೆ ಸಾಕೇ, ಒಂದು ಮಿಲಿಮೀಟರು ಬೇಕೇ ಎನ್ನುವುದಕ್ಕೆ ಮೊದಲಿಂದ ಎಲ್ಲವನ್ನೂ ಅಳೆಯಬೇಕು ಎಂದರು. ನಾನು ಗರಾಜಿಗೆ ಹೀಟರು ತಂದಿಟ್ಟೆ. ಅವರು ಏನಾದರೊಂದು ಹಿಡಿದುಕೊಂಡರಲ್ಲ ಎಂದು ನನಗೆ ಸಮಾಧಾನವಾಗಿತ್ತು.

ಮೊದಲ ದಿನ ಟೇಪಿನ ಚೂರಿಗೆ ನಾನು ಕೈಹಾಕಿದಾಗ, "ಬರಿಯೂದೆಲ್ಲ ಯಾಕ ಈಗ," ಎಂದರು. "ನಾವಿಬ್ರ ಇದ್ದೇವಿ. ಬಾಯಾಗ ಹೇಳಿದ್ರ ಸಾಕು. ನೀ ಮೊದ್ಲ ಹೇಳು."

ನಾನು ಅಳೆದು ತೊಂಬತ್ತೆರಡು ಪಾಯಿಂಟ್ ಒಂದು ಮೂರು ಎಂದೆ. ಅವರು ಅಳೆದು, ಮೈಕ್ರೋಮೀಟರನ್ನು ಟ್ಯೂಬ್‌ಲೈಟಿಗೆ ಹಿಡಿದು, "ಒಂದು ಮೂರು. ಶಾಣ್ಯಾಕಿ ಆಗೀದಿ," ಎಂದರು. ಮೊದಲ ಸಿಲಿಂಡರಿನ ಮೇಲೆ, ನಡುವೆ, ಕೆಳಗೆ ಮೂರೂ ಕಡೆ ನಮ್ಮಿಬ್ಬರ ಅಂಕಿ ಒಂದೇ ಬಂತು. ನನಗೆ ಹೆಮ್ಮೆಯಾಯಿತು. ರಾತ್ರಿ ಮಗಳಿಗೆ ಫೋನಿನಲ್ಲಿ, "ನಾನೂ ಈಗ ನಿಮ್ಮಪ್ಪನ ಹಾಗೇ ಅಳೀತೀನಿ ಕಣೆ," ಎಂದೆ. ಅವಳು, "ಅಮ್ಮಾ, ದಟ್ಸ್ ಸೋ ಕೂಲ್. ಅಪ್ಪಂಗೆ ಖುಷಿ ಆಯ್ತಾ?" ಎಂದು ಕೇಳಿದಳು.

ಎರಡನೆಯ ಸಿಲಿಂಡರೂ ಹಾಗೇ ಆಯಿತು. ಎಲ್ಲ ಕಡೆಯೂ ಕಡೆಯ ಅಂಕಿತನಕ.

ಮಾರನೆಯ ದಿನ ಅವರಿಗೆ ಜೋಳದ ರೊಟ್ಟಿ ಬಡಿಯುತ್ತಿದ್ದೆ. ಹುಬ್ಬಳ್ಳಿಯವರ ಮನೆಗೆ ಬಂದ ಮೇಲೆ ನಾನು ಕಷ್ಟಪಟ್ಟು ಕಲಿತದ್ದು ಅದು. ಅವರು ಡ್ರಾಯರಿನಿಂದ ಚಮಚ ತೆಗೆದುಕೊಂಡು ಬಂದು ಕೂತರು. ಕೆಲವು ವಾರಗಳಿಂದ ಅನ್ನಕ್ಕೂ ಚಮಚವೇ. "ಕೈಗೆ ಗ್ರೀಸು ಹತ್ತೇದ," ಎನ್ನುತ್ತಿದ್ದರು. ರೊಟ್ಟಿಯನ್ನು ಪಲ್ಯದ ರಸದಲ್ಲಿ ಪೂರ್ತಿ ನೆನೆಹಾಕಿ ಚಮಚದಿಂದ ತಿನ್ನತೊಡಗಿದರು. ಒಲೆಯ ಮುಂದೆ ನಿಂತು ನೋಡುತ್ತಿದ್ದವಳಿಗೆ ಒಂದೊಂದಾಗಿ ನೆನಪಾಯಿತು. ದೀಪಾವಳಿಯಿಂದೀಚೆಗೆ ಗುಂಡಿಯಿರುವ ಅಂಗಿಗಳು ಒಗೆಯಲು ಬಂದಿರಲಿಲ್ಲ, ಎಲ್ಲ ಟೀಶರ್ಟುಗಳೇ. ಬೆಳ್ಳುಳ್ಳಿ ಸುಲಿದು ಕೊಡುವುದು ಅವರ ಕೆಲಸವಾಗಿತ್ತು. ಈಗ ಅಂಗಡಿಯಿಂದ ಸುಲಿದ ಬೆಳ್ಳುಳ್ಳಿಯ ಡಬ್ಬಿ ತಾವೇ ತಂದಿಟ್ಟಿದ್ದರು. ಮಾತ್ರೆಯ ಬಾಟಲಿಗಳ ಮುಚ್ಚಳಗಳೆಲ್ಲ ಸಡಿಲವಾಗಿ ಕೂತಿರುತ್ತಿದ್ದವು. ಆಮೇಲೆ, ಕೈ ಎರಡು, ಅಳತೆ ಎರಡು ಎಂದು ಅವರೇ ಹೇಳಿದ್ದು ನೆನಪಾಯಿತು. ಮಗುಚಬೇಕಾದ ರೊಟ್ಟಿ ಹಂಚಿನ ಮೇಲೆ ಕಪ್ಪಾಯಿತು.

"ಏನ ವಾಸನಿ?" ಎಂದರು.

"ಏನಿಲ್ಲ, ಸ್ವಲ್ಪ ಸೀದೋಯ್ತು."

ಆ ಭಾನುವಾರ ಮಧ್ಯಾಹ್ನ ಮೂರನೆಯ ಸಿಲಿಂಡರು. ಗೇಜನ್ನು ಇಳಿಸಿ, ವಾಲಿಸಿ, ಹೊರಗೆ ತೆಗೆದು ಓದಿದೆ. ತೊಂಬತ್ತೆರಡು ಪಾಯಿಂಟ್ ಒಂದು ಒಂದು. ಖಾತ್ರಿಯಾಗಲೆಂದು ಇನ್ನೊಮ್ಮೆ ಓದಿದೆ. ಬಾಯಿ ಬಿಟ್ಟು ಹೇಳಿದ್ದು, "ತೊಂಬತ್ತೆರಡು ಪಾಯಿಂಟ್ ಮೂರು ಒಂದು."

ಅವರು ಗೇಜು ಇಳಿಸಿದರು. ತೋಳು ಗೋಡೆಗೆ ತಾಗಿದ ಸದ್ದು ಕೇಳಿಸಿತು. ತಿರುಪು ಬಿಗಿ ಮಾಡಿದರು, ವಾಲಿಸಿದರು, ತೆಗೆದರು. ಮೈಕ್ರೋಮೀಟರಿನ ಬಾಯಿ ಮುಚ್ಚುವಾಗ ಅವರ ಹೆಬ್ಬೆರಳು ತಿರುಪಿನ ಮೇಲೆ ಜಾರಿತು, ಮತ್ತೆ ಹಿಡಿದರು. ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಬೆನ್ನು ನನ್ನ ಕಡೆಗಿತ್ತು.

"ಮೂರು ಒಂದು," ಎಂದರು. "ನಂದೂ ಅಷ್ಟ."

ನಾನು "ಸರಿ" ಎಂದು ಹಾಲು ನೋಡುವ ನೆಪದಲ್ಲಿ ಒಳಗೆ ಬಂದೆ. ಹಾಲು ಇಟ್ಟಿರಲಿಲ್ಲ.

ಅದೇ ವಾರ ಆಸ್ಪತ್ರೆಯ ಸರದಿಯಿತ್ತು. ನರ್ಸು ಎಂದಿನ ಪ್ರಶ್ನೆಗಳನ್ನು ಕೇಳಿದಳು. ವಾಂತಿ, ಹಸಿವು, ನಿದ್ದೆ. ಕೈಕಾಲು ಜೋಮು? ಇವರು ಕಣ್ಣು ಮಿಟುಕಿಸದೆ ಇಲ್ಲ ಎಂದರು. ನಾನು ಸುಮ್ಮನಿದ್ದೆ. ಔಷಧಿ ಹತ್ತಿಸಿಕೊಂಡು ಮನೆಗೆ ಹೊರಟೆವು. ನಾನೇ ಕಾರು ಓಡಿಸುತ್ತಿದ್ದೆ. 485 ಹೆದ್ದಾರಿಗೆ ಬಂದ ಮೇಲೆ ಅವರು ಕಿಟಕಿಯಾಚೆ ನೋಡುತ್ತಲೇ ಕೇಳಿದರು.

"ಮೂರನೇ ಸಿಲಿಂಡರಿಗೆ ಎರಡೂವರಿ ಸಿಸಿ ಎಲ್ಲಿಂದ ತಂದಿ? ಮೈಸೂರಿಂದೇನು?"

"ಯಾವಾಗ ಗೊತ್ತಾಯ್ತು ನಿಮ್ಗೆ?"

"ನೀ ಹೇಳಿದ ಕೂಡ್ಲೆ. ತಲ್ಯಾಗ ಗುಣಿಸಿದೆ. ಮೊದಲಿನ ಎರಡೂ ಐದನೂರ ತೊಂಬತ್ತಮೂರರ ಆಸುಪಾಸ ಅದಾವ. ಇದೊಂದು ತೊಂಬತ್ತೈದು ದಾಟಿ ಕುಂತದ. ಒಂದ ಎಂಜಿನ್ನಿನ್ಯಾಗ ಒಂದ ಸಿಲಿಂಡರ್ ಅಷ್ಟು ಸವಿಯೂದಿಲ್ಲ."

"ಮತ್ತೆ ಯಾಕ್ರೀ ಹೂಂ ಅಂದ್ರಿ?"

ಅವರು ಮಡಿಲಲ್ಲಿದ್ದ ಎರಡೂ ಕೈಗಳನ್ನು ಅಂಗಾತ ಮಾಡಿ ನೋಡಿಕೊಂಡರು.

"ಅಲ್ಲ ಅನ್ನಾಕ ನನ್ನ ಕಡೆ ಏನದ?" ಎಂದರು. "ನನ್ನ ಕೈಗೆ ಒಮ್ಮೆ ತೊಂಬತ್ತೆರಡು ಬರ್ತದ, ಒಮ್ಮೆ ತೊಂಬತ್ತೊಂದೂವರಿ ಬರ್ತದ. ತಾಗಿದ್ದು ಗೊತ್ತಾದ್ರಲ್ಲೇನು ನಿಲ್ಲಿಸೂದು?"

"ಜೋಮು ಎಲ್ಲೀ ತನಕ ಬಂದಿದೆ?"

"ದೀಪಾವಳಿಗೆ ತುದಿಯಷ್ಟ ಇತ್ತು. ಈಗ ಎರಡನೇ ಗೆಣ್ಣಿನತನಕ."

"ನಾಳೇನೇ ಫೋನ್ ಮಾಡಿ ಹೇಳ್ತೀನಿ ನಾನು."

"ಹೇಳಿದ್ರ ನಿಲ್ಲಸ್ತಾರ."

"ನಿಲ್ಲಿಸ್ಲಿ. ಇನ್ನೊಂದು ಔಷ್ಧಿ ಇದ್ಯಲ್ಲ, ಅದು ಸಾಕು."

"ಸಾಕೋ ಬ್ಯಾಡೋ ಅವರಿಗೂ ಗೊತ್ತಿಲ್ಲ. ಕೇಳಿದೆ, ಹೇಳ್ಲಿಲ್ಲ. ಇನ್ನ ಮೂರ ಸಲ ಉಳದದ. ಪೂರಾ ಆಗ್ಲಿ."

"ಕೈ ಕಳ್ಕೊಂಡು ಏನ್ ಮಾಡ್ತೀರ ನೀವು? ನಿಮ್ಗೆ ಇರೋದೇ ಅದೊಂದು."

ಆಡಿದ ಮೇಲೆ ನನಗೇ ಆ ಮಾತು ಒರಟಾಯಿತು ಅನ್ನಿಸಿತು. ಅವರಿಗೆ ಸಿಟ್ಟು ಬರಲಿಲ್ಲ.

"ನಿನ್ನ ಜೋಡಿ ಜಗಳಾ ಆಡ್ತೀನಿ," ಎಂದರು. "ಅದಕ್ಕ ಬಾಯಿ ಇದ್ರ ಸಾಕು."

ಮನೆಗೆ ಬಂದ ಮೇಲೆ ನಾನು ಆಸ್ಪತ್ರೆಗೆ ಹೇಳಲೆಂದು ಫೋನು ಕೈಗೆ ತೆಗೆದುಕೊಂಡು ಕೆಳಗಿಟ್ಟದ್ದು ಎಷ್ಟು ಸಲವೋ. ಕೈಯಾದರೂ ಉಳಿಯಲಿ ಎಂದು ಒಂದು ಹೊತ್ತು. ಕೈ ಇಟ್ಟುಕೊಂಡು ಏನು ಮಾಡುವುದು, ಮನುಷ್ಯ ಉಳಿಯಲಿ ಎಂದು ಇನ್ನೊಂದು ಹೊತ್ತು. ದಿನವಿಡೀ ಬ್ಯಾಂಕಿನ ಅಂಕಿ ನೋಡುವವಳು ನಾನು, ಎರಡನ್ನೂ ತಕ್ಕಡಿಗೆ ಹಾಕಲು ನನಗೂ ಒಂದು ಅಂಕಿ ಬೇಕಿತ್ತು. ಅದು ಯಾರ ಹತ್ತಿರವೂ ಇರಲಿಲ್ಲ.

ಮುಂದಿನ ಸರದಿಗೆ ಹೋದಾಗ ಅದೇ ನರ್ಸು. ಎಲ್ಲರನ್ನೂ ಇಂಗ್ಲಿಷಿನಲ್ಲಿ ಮುದ್ದಿಗೆ 'ಹನಿ' ಎಂದು ಕರೆಯುವ, ಈ ಕಡೆಯ ಎಳೆದೆಳೆದು ಮಾತಾಡುವ ದಪ್ಪ ಹೆಂಗಸು. ಜೋಮಿನ ಪ್ರಶ್ನೆ ಬಂತು. ಇವರು ಇಲ್ಲ ಎಂದರು.

"ರೀ, ನಾನು ಹೇಳ್ಬಿಡ್ತೀನಿ," ಎಂದೆ ಕನ್ನಡದಲ್ಲಿ.

"ಸುಮ್ಕಿರು."

"ಗುಂಡಿ ಹಾಕಿ ತೋರ್ಸಿ ಅವ್ರಿಗೆ, ನೋಡೋಣ."

"ಟೀಶರ್ಟಿಗೆ ಗುಂಡಿ ಎಲ್ಲೆ ಅದಾವ?"

ನರ್ಸು ಕಂಪ್ಯೂಟರಿನಿಂದ ತಲೆಯೆತ್ತಿ ಎಲ್ಲ ಸರಿಯಿದೆಯಾ ಎಂದು ಕೇಳಿದಳು. ಇವರು ಇಂಗ್ಲಿಷಿನಲ್ಲಿ, ಏನಿಲ್ಲ, ಪಾರ್ಕಿಂಗು ದೂರ ಸಿಕ್ಕಿತೆಂದು ನನ್ನ ಹೆಂಡತಿ ದೂರುತ್ತಿದ್ದಾಳೆ ಎಂದರು. ಎಲ್ಲರೂ ಅದನ್ನೇ ಹೇಳುತ್ತಾರೆ ಎಂದು ಅವಳು ನಕ್ಕಳು. ಆಮೇಲೆ ನನ್ನ ಕಡೆ ತಿರುಗಿ, ಮನೆಯಲ್ಲಿ ನಿಮಗೇನಾದರೂ ಬದಲಾವಣೆ ಕಂಡಿದೆಯಾ, ಎಂದು ಕೇಳಿದಳು. ಹೆಂಡತಿಯರಿಗೆ ಮೊದಲು ಗೊತ್ತಾಗುತ್ತದೆ ನೋಡಿ ಎಂದಳು.

ಮಾಸ್ಕಿನ ಮೇಲೆ ಅವರ ಕಣ್ಣುಗಳಷ್ಟೇ ಕಾಣುತ್ತಿದ್ದವು. ಹೆದರಿಸಲಿಲ್ಲ, ಬೇಡಲೂ ಇಲ್ಲ. "ಇದೊಂದು ನನಗ ಬಿಡು," ಎಂದರು, ಮೆಲ್ಲಗೆ.

ನಾನು "ನೋ" ಎಂದೆ. ಇಂಗ್ಲಿಷಿನಲ್ಲೂ ಅದಕ್ಕೆ ಎರಡೇ ಅಕ್ಷರ. ಅವಳು ಟೈಪು ಮಾಡಿಕೊಂಡು ಮುಂದಿನ ಪ್ರಶ್ನೆಗೆ ಹೋದಳು.

ಸರದಿಗಳೆಲ್ಲ ಪೂರ್ತಿಯಾದವು. ಔಷಧಿ ನಿಂತ ಮೇಲೆ ಕೈ ಸುಧಾರಿಸಬಹುದೆಂದುಕೊಂಡಿದ್ದೆ. ಹಾಗಾಗಲಿಲ್ಲ. ಅದು ನಿಂತ ಮೇಲೂ ಕೆಲವು ತಿಂಗಳು ಜೋಮು ಏರುತ್ತಾ ಹೋಗಿ ಅಂಗೈಯ ತನಕ ಬಂತು. ಆಗ ಅವರೇ ಡಾಕ್ಟರಿಗೆ ಹೇಳಿದರು, ಈಗ ಶುರುವಾಯಿತು ಎನ್ನುವ ಹಾಗೆ. ಬೆಳಿಗ್ಗೆ ಅಂಗಿಯ ಗುಂಡಿ ನಾನು ಹಾಕುತ್ತಿದ್ದೆ. ರೊಟ್ಟಿ ಮುರಿದು ತಟ್ಟೆಗೆ ಹಾಕುತ್ತಿದ್ದೆ. ಅವರು ಕೆಲಸಕ್ಕೆ ಮರಳಿದರು, ಆದರೆ ಅಳೆಯುವ ಮೇಜಿಗಲ್ಲ. ಬೇರೆಯವರು ಅಳೆದದ್ದನ್ನು ಕಂಪ್ಯೂಟರಿಗೆ ಏರಿಸುವ ಮೇಜಿಗೆ. ಮೊದಲ ದಿನ ಸಂಜೆ ಬಂದವರು ಬೂಟು ಬಿಚ್ಚದೆ ಸೋಫಾದ ಮೇಲೆ ಕೂತಿದ್ದರು. "ಕುರ್ಚಿ ಚಲೋ ಕೊಟ್ಟಾರ," ಎಂದರು. ನಾನು ಕೂತು ಬೂಟಿನ ದಾರ ಬಿಚ್ಚಿದೆ.

ನಾಲ್ಕು ಸಿಲಿಂಡರುಗಳನ್ನೂ ನಾನೊಬ್ಬಳೇ ಮೊದಲಿಂದ ಅಳೆದೆ. ಅವರು ಸ್ಟೂಲಿನ ಮೇಲೆ ಕೂತು ಒಂದೊಂದು ಜಾಗವನ್ನೂ ಎರಡೆರಡು ಸಲ ಅಳೆಸುತ್ತಿದ್ದರು, ನಡುವೆ ಹೋಗಿ ನೀರು ಕುಡಿದು ಬಾ ಎನ್ನುತ್ತಿದ್ದರು. ಮೊದಲಿನದು ಮರೆತು ಬಂದರೆ ಇನ್ನೊಬ್ಬಳು ಬಂದು ಅಳೆದ ಹಾಗೆ ಆಗುತ್ತದಂತೆ. ನಾನು ಅಂಕಿ ಹೇಳುತ್ತಿದ್ದೆ, ಅವರು ಕಣ್ಣು ಮುಚ್ಚಿ ಗುಣಿಸುತ್ತಿದ್ದರು. ಅರ್ಧ ಮಿಲಿಮೀಟರು ಕೊರೆದರೆ ಸಾಕು ಎಂದು ತೀರ್ಮಾನವಾಯಿತು. ಅವರ ಶೆಡ್ಡಿನ ಗೆಳೆಯನೊಬ್ಬ ಬ್ಲಾಕು ಒಯ್ದು ಕೊರೆದು ತಂದುಕೊಟ್ಟ. ಎರಡು ಸಾವಿರದ ಮುನ್ನೂರ ಅರವತ್ತಾರು ಸಿಸಿ ಇದ್ದದ್ದು ಎರಡು ಸಾವಿರದ ಮುನ್ನೂರ ತೊಂಬತ್ತೆರಡಾಯಿತು. ಬೇಸಿಗೆ ರಜೆಗೆ ಬಂದ ಮಗಳು ಅಪ್ಪ ಹೇಳಿದಂತೆ ಒಂದೊಂದೇ ನಟ್ಟು ಬಿಗಿದಳು. "ಅಪ್ಪಾ, ಇಷ್ಟು ಟೈಟ್ ಸಾಕಾ?" "ಇನ್ನ ಒಂದು ಕ್ಲಿಕ್." "ಈಗ?" "ಈಗ ಬಿಡು, ಪಾಪ, ಅದಕ್ಕೂ ಉಸಿರು ಬೇಕು."

ಎಂಜಿನ್ನು ಶುರುವಾದ ದಿನ ಗರಾಜಿನ ಬಾಗಿಲು ಪೂರ್ತಿ ತೆರೆದಿತ್ತು. ಮಗಳು ಕೀಲಿ ತಿರುಗಿಸಿದಳು. ಕೆಮ್ಮಿತು, ನಿಂತಿತು, ಮತ್ತೆ ಕೆಮ್ಮಿ ಹಿಡಿದುಕೊಂಡಿತು. ಇವರು ಬಾನೆಟ್ಟಿನ ಮೇಲೆ ಎರಡೂ ಕೈ ಊರಿ ನಿಂತಿದ್ದರು. ಗೊತ್ತಾಗ್ತಾ ಇದ್ಯಾ ಎಂದು ನಾನು ಸನ್ನೆಯಲ್ಲಿ ಕೇಳಿದೆ.

"ಬೆರಳಿಗಿಲ್ಲ," ಎಂದರು. "ಮೊಣಕೈಗೆ ಬರ್ತದ."

ಮುಂದಿನ ಚಳಿಗಾಲ ಮುಗಿಯುವ ಮುನ್ನ ಸ್ಕ್ಯಾನಿನಲ್ಲಿ ಲಿವರಿನ ಮೇಲೆ ಕಲೆಗಳು ಕಂಡವು. ಮತ್ತೆ ಔಷಧಿಗಳು, ಬೇರೆ ಹೆಸರಿನವು. ಒಂದು ವರ್ಷ ಹಾಗೂ ಹೀಗೂ ನಡೆಯಿತು. ಕೊನೆಯ ಮೂರು ಸರದಿ ಬಿಟ್ಟಿದ್ದರೆ ಇದು ಮೊದಲೇ ಬರುತ್ತಿತ್ತೋ, ಇಷ್ಟೇ ಹೊತ್ತಿಗೆ ಬರುತ್ತಿತ್ತೋ, ಆ ಮೂರರಿಂದ ನಮಗೆ ಸಿಕ್ಕಿದ್ದು ಏನು ಎಂದು ನಾನು ಡಾಕ್ಟರನ್ನು ಕೇಳಲಿಲ್ಲ. ಅವರೂ ಕೇಳಲಿಲ್ಲ. ಒಂದು ಸಲ ಆಸ್ಪತ್ರೆಯ ಲಿಫ್ಟಿನಲ್ಲಿ ನಾವಿಬ್ಬರೇ ಇದ್ದಾಗ, "ನೀ ಅವತ್ತು ನರ್ಸಿಗೆ ಹೇಳಿದ್ರೂ ನಾ ಸಿಟ್ಟಾಗ್ತಿರ್ಲಿಲ್ಲ," ಎಂದರು. ಅಷ್ಟರಲ್ಲಿ ಬಾಗಿಲು ತೆರೆದು ಜನ ಹತ್ತಿದರು. ಆಮೇಲೆ ಆ ಮಾತು ಮತ್ತೆ ಬರಲಿಲ್ಲ.

ಕಡೆಯ ವಾರಗಳಲ್ಲಿ ಆಸ್ಪತ್ರೆ ಬೇಡವೆಂದು ಮನೆಗೆ ಬಂದರು. ಕೆಳಗಿನ ಕೋಣೆಯಲ್ಲಿ, ಅಡುಗೆಮನೆಗೆ ಹತ್ತಿರ, ಮಂಚ ಹಾಕಿಸಿದೆ. ಹಗಲೆಲ್ಲ ಕಣ್ಣು ಮುಚ್ಚಿಕೊಂಡೇ ಇರುತ್ತಿದ್ದರು, ನಿದ್ದೆಯಲ್ಲ. ನಾನು ಪಕ್ಕದಲ್ಲಿ ಕೂತು ಕೈ ಹಿಡಿದುಕೊಂಡಿರುತ್ತಿದ್ದೆ. ಆ ಕೈಗೆ ನನ್ನ ಕೈ ಗೊತ್ತಾಗುತ್ತಿರಲಿಲ್ಲ. ಮೊದಮೊದಲು ಕಣ್ಣು ತೆರೆದು ಕೆಳಗೆ ನೋಡಿ ತಿಳಿದುಕೊಳ್ಳುತ್ತಿದ್ದರು. ಆಮೇಲೆ ಅದಕ್ಕೂ ಸುಸ್ತು.

"ಹಿಡದೀಯೇನು?" ಎಂದು ಕೇಳುತ್ತಿದ್ದರು.

"ಹಿಡ್ಕೊಂಡಿದ್ದೀನಿ ರೀ."

"ಹಂಗಾರ ಸರಿ."

ಮೊಣಕೈಯ ಹತ್ತಿರ ಹಿಡಿದರೆ ತಿಳಿಯುತ್ತದೇನೋ ಎಂದು ಒಂದು ಸಲ ಅಲ್ಲಿ ಹಿಡಿದೆ. ಅಲ್ಲೆಲ್ಲ ಸೂಜಿ ಚುಚ್ಚಿ ಚುಚ್ಚಿ ಹುಣ್ಣಾಗಿತ್ತು, ಅವರು ಮುಖ ಕಿವುಚಿದರು. ಮತ್ತೆ ಅಂಗೈಗೇ ಬಂದೆ. ಒಲೆಯ ಮೇಲೆ ಗಂಜಿ ಉಕ್ಕುವ ಹೊತ್ತಾದರೆ "ಕೈ ಬಿಡ್ತಿದ್ದೀನಿ, ಈಗ ಬಂದೆ" ಎಂದು ಹೇಳಿಯೇ ಏಳುತ್ತಿದ್ದೆ. ಹೇಳದೆ ಎದ್ದು ಹೋಗಿದ್ದರೆ ಅವರಿಗೆ ತಿಳಿಯುತ್ತಿರಲಿಲ್ಲ. ಬಂದು ಕೂತು, ಕೈ ತೆಗೆದುಕೊಂಡು, "ಬಂದೆ, ಹಿಡ್ಕೊಂಡೆ" ಎನ್ನುತ್ತಿದ್ದೆ. ಅವರು ಕಣ್ಣು ತೆರೆಯದೆ ತಲೆ ಆಡಿಸುತ್ತಿದ್ದರು.